ಬೆನ್ನು ನೆಲ ಮುಟ್ಟಿದ ಮೇಲೆ

ಬಾಕ್ಸಿಂಗ್ ಆಡುವವನನ್ನೂ ಏಟು, ಒದೆತ, ಕುಸ್ತಿ ಎಲ್ಲ ಬೆರೆತ ಎಂಎಂಎ ಆಡುವವನನ್ನೂ ಎದುರುಬದುರು ನಿಲ್ಲಿಸಿದರೆ ಯಾರು ಗೆಲ್ಲುತ್ತಾರೆ? ಈ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ತಯಾರಿರುತ್ತಿತ್ತು. ಎಂಎಂಎದವನು ಒದೆಯಲಿ, ತೆಕ್ಕೆಗೆ ಬೀಳಲಿ, ಏನು ಬೇಕಾದರೂ ಮಾಡಲಿ. ಮೊದಲು ಮುಷ್ಟಿ ದಾಟಿ ಒಳಗೆ ಬರಬೇಕಲ್ಲ? ಎಲ್ಲವನ್ನೂ ಅಷ್ಟಷ್ಟು ಕಲಿತವನು ಒಂದನ್ನೇ ಪೂರ್ತಿ ಕಲಿತವನ ಮುಂದೆ ನಿಲ್ಲಲಾರ ಎಂದು ಚಹಾದಂಗಡಿಯಲ್ಲೂ ಹೇಳುತ್ತಿದ್ದೆ, ಮದುವೆಯ ಪಂಕ್ತಿಯಲ್ಲೂ ಹೇಳುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ನನ್ನ ಸ್ವಭಾವವೇ ಹಾಗೆ.

ಹೊಟ್ಟೆಪಾಡಿಗೆ ನಾನು ಬೆಳಗಾವಿಯ ಒಂದು ಫೌಂಡ್ರಿಯ ಆಫೀಸಿನಲ್ಲಿದ್ದೇನೆ. ಬೆಳಗ್ಗೆ ರಾಮತೀರ್ಥ ನಗರದ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದೆ. ಒಂದು ಕಾಲಕ್ಕೆ ಅಲ್ಲಿ ಸಾಕಷ್ಟು ಮಕ್ಕಳಿದ್ದರು. ಒಬ್ಬೊಬ್ಬರಾಗಿ ಜಾರಿಕೊಂಡು ಕೊನೆಗೆ ಉಳಿದವಳು ನನ್ನ ಮಗಳೊಬ್ಬಳೇ. ಹೈಸ್ಕೂಲಿಗೆ ಹೋಗುವ ಹುಡುಗಿ. ಅವಳ ಎಡಗೈ ಏಟು ನೋಡಿದರೆ ನನ್ನ ಎದೆ ಉಬ್ಬುತ್ತಿತ್ತು. ನನ್ನ ಕೈಲಿ ರಾಜ್ಯಮಟ್ಟ ದಾಟಲಾಗಲಿಲ್ಲ, ಇವಳು ದಾಟುತ್ತಾಳೆ ಎಂದು ಅವಳು ಚಿಕ್ಕವಳಿದ್ದಾಗಲೇ ತೀರ್ಮಾನಿಸಿಬಿಟ್ಟಿದ್ದೆ.

ಹೆಂಡತಿಯ ತವರು ಖಾನಾಪುರ. ಅದು ಕುಸ್ತಿಯ ಮನೆ. ಮಾವನವರು ಗರಡಿಯ ಮಣ್ಣಿನಲ್ಲೇ ಬೆಳೆದವರು. ಅವರ ಮಗ, ಅಂದರೆ ನನ್ನ ಮೈದುನ, ಮಣ್ಣು ಬಿಟ್ಟು ಮ್ಯಾಟ್ ಹಾಸಿ ಊರಲ್ಲೇ ಎಂಎಂಎ ಕಲಿಸಲು ಶುರುಮಾಡಿದ್ದ. ರಜೆಗೆ ಹೋದಾಗಲೆಲ್ಲ ನನ್ನ ಮಗಳಿಗೂ ಒಂದೆರಡು ಪಟ್ಟು ತೋರಿಸುತ್ತಿದ್ದ. ನನಗೆ ಅದು ಹಿಡಿಸುತ್ತಿರಲಿಲ್ಲ. ಬಾಕ್ಸರ್ ಆಗಬೇಕಾದವಳು ನೆಲದ ಮೇಲೆ ಹೊರಳಾಡುವುದೇನು?

ಒಂದು ಭಾನುವಾರ ಅಲ್ಲಿ ಊಟಕ್ಕೆ ಕೂತಾಗ ಇದೇ ಮಾತು ಬಂತು. ಯಾವನೋ ಬಾಕ್ಸರನನ್ನು ಇನ್ನಾವನೋ ಕೆಡವಿ ಹಾಕುವುದನ್ನು ಮೈದುನ ಮೊಬೈಲಿನಲ್ಲಿ ತೋರಿಸಿದ.

"ದಾಜಿ, ನೀವು ಕೈ ಎತ್ತೂದರಾಗ ನಾ ನಿಮ್ಮ ಕಾಲಾಗ ಇರ್ತೀನಿ," ಎಂದ. ಅಕ್ಕನ ಗಂಡನೆಂದು ನನ್ನನ್ನು ದಾಜಿ ಎಂದೇ ಕರೆಯುವುದು.

"ಕಾಲಾಗ ಬಂದಾವನ ಮಾರಿ ನೆಟ್ಟಗ ಉಳಿಯೂದಿಲ್ಲ," ಎಂದೆ.

ಮಾತಿಗೆ ಮಾತು ಬೆಳೆಯಿತು. ಊಟ ಮುಗಿದರೂ ವಾದ ಮುಗಿಯಲಿಲ್ಲ. ಕೊನೆಗೆ ಮಾವನವರು, "ಬಾಯಿಲೆ ಕುಸ್ತಿ ಸಾಕ್ರಿ. ಇಬ್ಬರೂ ಆಡ್ರಿ. ಗೆದ್ದಾಂವನ ಕಡೆ ಹುಡುಗಿ ಕಲೀಲಿ," ಎಂದು ಎಲೆ ಅಡಿಕೆಯನ್ನು ಅಂಗೈಯಲ್ಲಿಟ್ಟು ನನ್ನ ಮುಂದೆ ಚಾಚಿದರು.

ನಮ್ಮ ಮನೆಯಲ್ಲಿ ಊಟದ ನಂತರ ಹಿರಿಯರು ಎಲೆ ಕೊಟ್ಟರೆ ತೆಗೆದುಕೊಂಡು ಬಾಯಿಗೆ ಹಾಕುತ್ತೇವೆ, ಅಷ್ಟೇ. ನನ್ನ ತಲೆಯೆಲ್ಲ ಮೈದುನನಿಗೆ ಏನು ತಿರುಗಿ ಹೇಳಲಿ ಎಂಬುದರಲ್ಲೇ ಇತ್ತು; ಕೈ ತಾನಾಗಿ ಮುಂದೆ ಹೋಯಿತು. ಅಗಿಯುತ್ತಾ ನೋಡಿದರೆ ಪಡಸಾಲೆಯಲ್ಲಿ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಕುಸ್ತಿಯ ಮನೆಯಲ್ಲಿ ಸವಾಲಿನ ಮಾತಾಡಿ ಎಲೆ ಚಾಚಿದರೆ ಅದು ಬಾಯಿ ಕೆಂಪಾಗಲೆಂದಲ್ಲ. ಹಿಡಿದವನು ಒಪ್ಪಿದ ಎಂದರ್ಥ.

"ವೀಳ್ಯಾ ಹಿಡದ್ರಿ ಅಳಿಯಂದ್ರ. ನುಂಗೇ ಬಿಟ್ರಿ. ಇನ್ನ ಹೊಳ್ಳಿ ಕೊಡಾಕ ಬರೂದಿಲ್ಲ," ಎಂದರು ಮಾವನವರು. ಅವರು ನಗಲಿಲ್ಲ.

ಹೆಂಡತಿ ಒಳಗೆ ಕರೆದಳು. "ನಿಮ್ಮ ವಯಸ್ಸೇನು, ಅವನ ವಯಸ್ಸೇನು? ಗೊತ್ತಾಗಲಿಲ್ರಿ ಅಂತ ಹೇಳಿ ಬಿಡ್ರಿ."

"ಹೇಳಿದ್ರ ಹುಡುಗಿ ನಿನ್ನ ತಮ್ಮನ ಪಾಲಾತು."

ಹಿಂದೆ ಸರಿದರೆ ಮಗಳು ಹೋಗುತ್ತಾಳೆ, ಮುಂದೆ ಹೋಗಿ ಸೋತರೆ ಮರ್ಯಾದೆಯೂ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಮಗಳು ಬಾಗಿಲಲ್ಲಿ ನಿಂತು "ಅಪ್ಪಾ" ಎಂದು ಏನೋ ಹೇಳಲು ಬಂದಳು. "ನೀ ಸುಮ್ಮನಿರು, ನಾ ಅದೀನಿ," ಎಂದೆ.

ಆ ವಾರವೆಲ್ಲ ಬೋನಿಗೆ ಬಿದ್ದ ಇಲಿಯ ಹಾಗೆ ಕಳೆದೆ. ಜ್ವರ ಬಂದರೆ ಸಾಕೆಂದು ಹರಕೆ ಹೊರುವುದೊಂದು ಬಾಕಿ. ಬರಬಾರದಾಗ ಬರುವ ಜ್ವರ ಬೇಕಾದಾಗ ಬರುವುದಿಲ್ಲ.

ಮೈದುನನ ಜಿಮ್ ಎಂದರೆ ಒಂದು ತಗಡಿನ ಶೆಡ್ಡು. ಮುಂದಿನ ಭಾನುವಾರ ಮಾವನವರೂ ಅವರ ಗರಡಿಯ ಗೆಳೆಯರೂ ಗೋಡೆಗುಂಟ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೀದಿಯ ಜನ ನುಗ್ಗಬಾರದೆಂದು ಕದ ಹಾಕಿದ್ದರು. ಚಿಲಕ ಬಿದ್ದ ಸದ್ದಿಗೆ ನಾನು ಬಾಗಿಲ ಕಡೆ ತಿರುಗಿ ನೋಡಿದೆ.

"ದಾಜಿ, ಸಾಕು ಅನಸಿದ್ರ ಎರಡ ಸಲ ತಟ್ರಿ. ನೆಲಾ ತಟ್ರಿ, ಇಲ್ಲಾ ನನ್ನ ತಟ್ರಿ. ಆ ಕ್ಷಣಾ ಬಿಡ್ತೀನಿ," ಎಂದ ಮೈದುನ.

"ಅದರ ಕೆಲಸಾ ಬೀಳೂದಿಲ್ಲ," ಎಂದೆ. ಬಾಯಿ ಇನ್ನೂ ಜೋರಾಗಿಯೇ ಇತ್ತು.

ಮೊದಲ ಏಟು ನನ್ನದೇ. ಎಡಗೈ ನೇರ ಅವನ ಮೂಗಿಗೆ ತಾಗಿತು. ಎರಡನೆಯದೂ ತಾಗಿತು. ಕುರ್ಚಿಗಳ ಕಡೆಯಿಂದ ಯಾರೋ "ಭಲೆ" ಎಂದರು. ಆ ಭಲೆಗೆ ಉಬ್ಬಿ ಬಲಗೈ ಬೀಸಿದೆ. ಅವನು ಅಲ್ಲಿರಲಿಲ್ಲ, ನನ್ನ ಮೊಣಕಾಲ ಬಳಿ ಇದ್ದ. ಮರುಕ್ಷಣ ನನ್ನ ಬೆನ್ನು ಮ್ಯಾಟಿನ ಮೇಲಿತ್ತು.

ಆಗ ನಾನು ಮಾಡಿದ್ದು ಬಾಕ್ಸರನೊಬ್ಬನೇ ಮಾಡಬಲ್ಲ ತಪ್ಪು. ನಮ್ಮ ಆಟದಲ್ಲಿ ಬಿದ್ದವನನ್ನು ಮುಟ್ಟುವಂತಿಲ್ಲ. ಎದುರಾಳಿ ಮೂಲೆಗೆ ಹೋಗುತ್ತಾನೆ, ರೆಫರಿ ಎಣಿಸುತ್ತಾನೆ, ಬಿದ್ದವನು ಉಸಿರೆಳೆದುಕೊಂಡು ಏಳುತ್ತಾನೆ. ನಾನು ಬಿದ್ದವನೇ ಕೈ ಸಡಿಲ ಬಿಟ್ಟು ಎಣಿಕೆಗೆ ಕಾದೆ. ಗೋಡೆಗುಂಟ ಕೂತ ಹಿರಿಯರೂ "ಚಿತ್ ಆದ್ರು, ಮುಗೀತು, ಬಿಡೊ ತಮ್ಮಾ" ಎನ್ನತೊಡಗಿದರು. ಅವರ ಕುಸ್ತಿಯಲ್ಲೂ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿದಂತೆ. ಮೈದುನನ ಆಟ ಅಲ್ಲಿಂದಲೇ ಶುರು.

ಅವನು ನನ್ನ ಎದೆಯ ಮೇಲೇರಿ ಕೂತ. ಕೆಳಗಿನಿಂದ ಹೊಡೆದೆ. ಏಟಿನ ಬಲ ಕೈಯಲ್ಲಿಲ್ಲ, ನೆಲಕ್ಕೂರಿದ ಪಾದದಲ್ಲಿದೆ ಎಂದು ಮಕ್ಕಳಿಗೆ ಕಲಿಸಿದವನೇ ನಾನು. ಈಗ ನನ್ನ ಪಾದಗಳು ಸುಮ್ಮನೆ ಒದ್ದಾಡುತ್ತಿದ್ದವು. ತಪ್ಪಿಸಿಕೊಳ್ಳಲು ಹೊರಳಿದೆ, ಅವನ ತೋಳು ಕುತ್ತಿಗೆ ಸುತ್ತಿತು. ಅದರಲ್ಲಿ ಸಿಟ್ಟಿರಲಿಲ್ಲ. ಮನೆಯವರು ಹಿಡಿದ ಹಾಗೆ ಹಿಡಿದಿದ್ದ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಉಸಿರು ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. "ತಟ್ರಿ ದಾಜಿ, ತಟ್ರಿ," ಎಂದು ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದ. ಹೇಗೆ ತಟ್ಟಲಿ? ತಟ್ಟಿದರೆ ಮಗಳನ್ನು ಕೊಟ್ಟಂತೆ. ಕಣ್ಣು ಕತ್ತಲೆಯಾಗುವ ಮೊದಲು ಕಂಡವಳು ಅವಳೇ. ಮ್ಯಾಟಿನ ಅಂಚಿಗೆ ಮಂಡಿಯೂರಿ ಕೂತು, ಹೀಗೆ ಅಪ್ಪಾ ಹೀಗೆ ಎಂಬಂತೆ ಅಂಗೈಯಿಂದ ನೆಲ ತಟ್ಟಿ ತೋರಿಸುತ್ತಿದ್ದಳು.

ತಟ್ಟಿದೆ. ಆ ಕ್ಷಣವೇ ಬಿಟ್ಟ.

ಮಾವನವರು ಬಂದು ನನ್ನ ಕುತ್ತಿಗೆ ತಿಕ್ಕಿದರು. "ಆಟಾ ಅಂದ್ರ ಆಟಾ. ಇನ್ನ ಹುಡುಗಿನ್ನ ಭಾನುವಾರಕ್ಕೊಮ್ಮೆ ಇಲ್ಲಿ ಕಳಸ್ರಿ."

"ಅಕಿನ್ನ ನ್ಯಾಶನಲ್ ಆಡಸೂದು ನನ್ನ ಜವಾಬ್ದಾರಿ, ದಾಜಿ," ಎಂದ ಮೈದುನ, ಮೂಗಿನ ರಕ್ತ ಒರೆಸಿಕೊಳ್ಳುತ್ತಾ. ಮನಸ್ಸಿನಿಂದಲೇ ಹೇಳಿದ. ಮಗಳು ನನ್ನ ಚಪ್ಪಲಿ ಹುಡುಕಿ ತಂದಿಟ್ಟಳು.

ಹೆಂಡತಿ ತವರಲ್ಲೇ ಉಳಿದಳು. ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಕುತ್ತಿಗೆ ತಿರುಗುತ್ತಿರಲಿಲ್ಲ, ಹೈವೇ ಬೇಡವೆಂದು ದೇಸೂರ ಸ್ಟೇಷನ್ ಕಡೆಯ ಸಣ್ಣ ರಸ್ತೆ ಹಿಡಿದೆ. ಅಲ್ಲಿ ರೈಲ್ವೆ ಗೇಟು ಹಾಕಿತ್ತು. ಹಿಂದೆ ಟ್ರ್ಯಾಕ್ಟರು, ಬದಿಗೆ ಟೆಂಪೊ, ಹೊರಳಿಸಲೂ ಜಾಗವಿರಲಿಲ್ಲ. ಗಾಡಿ ಬಂದ್ ಮಾಡಿದೆ. ಅವಮಾನಕ್ಕೆ ಕಿವಿ ಇನ್ನೂ ಉರಿಯುತ್ತಿತ್ತು.

"ಮುಂದಿನ ಸಲ ಕಾಲ ಹಿಡಿಯಾಕ ಬಿಡೂದಿಲ್ಲ ನೋಡು," ಎಂದೆ. "ನಿನ್ನ ಸುಮ್ಮನ ಬಿಟ್ಟು ಕೊಡಾಂವಲ್ಲ ನಾ."

ಅವಳು ಹಿಂದಿನಿಂದ ನನ್ನ ಭುಜವನ್ನು ಎರಡು ಸಲ ತಟ್ಟಿದಳು.

"ಏನವ್ವಾ, ನೀರು ಬೇಕೇನು?"

ಮತ್ತೆ ತಟ್ಟಿದಳು.

"ನೀರ ಬ್ಯಾಡ. ನನಗ ಸಾಕಾಗೇತಿ ಅಪ್ಪಾ. ನಿಮ್ಮ ಬಾಕ್ಸಿಂಗೂ ಸಾಕು, ಮಾಮಾನ ಪಟ್ಟೂ ಸಾಕು. ನೀವು ತಟ್ಟಿದ ಕೂಡ್ಲೆ ಮಾಮಾ ಬಿಟ್ಟ."

ಗೂಡ್ಸ್ ರೈಲು ಬಂತು. ಡಬ್ಬಿಯ ಹಿಂದೆ ಡಬ್ಬಿ ಹಾಯುತ್ತಲೇ ಇತ್ತು. ಅವಳ ಕೈ ನನ್ನ ಭುಜದ ಮೇಲೇ ಇತ್ತು. ಕೊನೆಯ ಡಬ್ಬಿ ದಾಟಿ, ಗೇಟೆದ್ದು, ಹಿಂದಿನವರು ಹಾರ್ನ್ ಹೊಡೆಯತೊಡಗಿದ ಮೇಲೆ "ಬಿಟ್ಟೀನವ್ವಾ" ಎಂದೆ. ಮೈದುನ ಬಿಟ್ಟಷ್ಟು ಬೇಗ ನನ್ನಿಂದ ಆಗಲಿಲ್ಲ.