ತುಂಬಿದ ಸಾಲು ಮಾಯವಾಗುವ ಆಟ

ಸೆಲ್ಲು ಒಡೆದು ಸೋರಿದರೆ ಒಂದು ಹುಳಿ ವಾಸನೆ ಬರುತ್ತದೆ, ನಿಮಗೂ ಗೊತ್ತಿರಬೇಕು. ಮೊನ್ನೆ ನನ್ನ ಮೊಮ್ಮಗಳು ಸುನಂದಾ ಒಂದು ಚೀಲ ತಂದು ಮಗ್ಗದ ಮನೆಯ ಕಟ್ಟೆಯ ಮೇಲೆ ಸುರುವಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ಹಿಡಿದು ಆಡುವ ಹಳೇ ವಿಡಿಯೋ ಗೇಮು, ನಾಲ್ಕು. ಮೂರು ಜಮಖಂಡಿಯ ಗುಜರಿಯಿಂದ ತಂದವು. ನಾಲ್ಕನೆಯದು ನಮ್ಮದೇ ಅಟ್ಟದ ಮೇಲಿನದು, ಹಳದಿ.

"ಆಯಿ, ಇವನ್ನ ಒಂದೊಂದ ಆಡಿ ಹೆಂಗ ಅದಾವ ಹೇಳು. ನಾ ಫೋನಿನ್ಯಾಗ ಹಿಡಿತೀನಿ. ಮಂದಿ ನೋಡತಾರ."

"ಮಂದಿಗೆ ಬ್ಯಾರೆ ಕೆಲಸ ಇಲ್ಲೇನ?"

"ಇಲ್ಲ."

ಖರೆ ಮಾತು ಆಡಿದಳು, ಅದಕ್ಕೆ ಒಪ್ಪಿದೆ. ಆದರೆ ಗುಂಡಿ ನೀನೇ ಒತ್ತು, ನಾನು ನೋಡಿ ಹೇಳುತ್ತೇನೆ ಅಂದೆ. ಅದಕ್ಕೊಂದು ಕಾರಣ ಇತ್ತು. ಎರಡು ತಿಂಗಳಿಂದ ನನ್ನ ಬಲಗೈ ನಡುಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ತಿರುಗುತ್ತಿದ್ದೆ. ಮೊದಲೇ ನಾನು ಒಂದು ಕಡೆ ಕೂಡುವ ಹೆಂಗಸಲ್ಲ. ಕೂತರೆ ಕಸ ಕಾಣುತ್ತದೆ, ಕಸ ಗುಡಿಸಿದರೆ ಜೇಡ ಕಾಣುತ್ತದೆ. ಈಗ ಕೈ ಬಚ್ಚಿಡುವ ಕೆಲಸ ಬೇರೆ ಸೇರಿ ಇನ್ನೂ ಹೆಚ್ಚು ತಿರುಗುತ್ತಿದ್ದೆ.

ನಮ್ಮದು ರಬಕವಿ. ಮನೆಯ ಹಿಂದೆ ನಾಲ್ಕು ಪವರ್‌ಲೂಮ್. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು, ಅದೇ ಹಾಸು, ಮುಗಿಯಿತು ಅಂದರೆ ಹಳೇ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಅನ್ನುತ್ತೇವೆ. ಸಾವಿರಾರು ಎಳೆ. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಕೂತು ಹೊಸೆಯುತ್ತ ಬರಬೇಕು. ಒಂದು ಎಳೆ ಬಿಟ್ಟು ಮುಂದಿನದಕ್ಕೆ ಹೋದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಕೈ ಹೋದವಳು ಕೆಚ್ಚಲಾರಳು. ನಾನು ಮಾತ್ರ ನನ್ನ ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡಿದ್ದೆ: ಎರಡು ತಿಂಗಳಲ್ಲಿ ನಮ್ಮ ಸೀರೆಯಲ್ಲಿ ಒಂದೂ ಗೆರೆ ಬಿದ್ದಿಲ್ಲ, ಅಂದರೆ ಕೈ ನಡುಗಿದರೂ ಕೆಲಸ ನೆಟ್ಟಗಿದೆ.

ಇರಲಿ. ಮೊದಲು ಗೇಮಿನ ಸುದ್ದಿ ಮುಗಿಸುತ್ತೇನೆ.

ಕೆಂಪು ಗೇಮಿನಲ್ಲಿ ಕಾರು ಓಡಿಸಬೇಕು. ರಸ್ತೆ ಅಂದರೆ ಎರಡು ಪಟ್ಟಿ, ಎದುರಿಗೆ ಕಾರು ಬಂದರೆ ಈ ಕಡೆ ಸರಿ, ಆ ಕಡೆ ಸರಿ. ಲೋಕಾಪುರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಹೋದವರಿಗೆ ಇದೇನು ಆಟ? ಹಸಿರು ಗೇಮಿನ ಗುಂಡಿ ಒಳಗೆ ಹೋಗಿ ಕೂತಿವೆ, ಹೊರಗೆ ಬರುವುದಿಲ್ಲ, ಹಲ್ಲು ಚುಚ್ಚುವ ಕಡ್ಡಿಯಿಂದ ಎಬ್ಬಿಸಬೇಕು. ಕರಿ ಗೇಮಿನಲ್ಲಿ ಒಂದು ಹಾವು. ಅದು ತಿಂದು ತಿಂದು ಉದ್ದ ಆಗಿ ತನ್ನ ಬಾಲಕ್ಕೆ ತಾನೇ ಹಾಯ್ದು ಸಾಯುತ್ತದೆ.

"ಇದು ನಮ್ಮ ಮೈದುನನ ಕಥಿ," ಅಂದೆ ಫೋನಿನ ಮುಂದೆ.

"ನನ್ನ ಗಂಡನ ಸುದ್ದಿ ನಿನಗ್ಯಾಕಬೇ?" ಅಂತ ಒಳಗಿನಿಂದ ಗಂಗವ್ವ ಕೂಗಿದಳು.

ಗಂಗವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಬಾಜೂ ಮನೆಯಾಕೆ. ಈ ನಾಲ್ಕನೆಯ ಹಳದಿ ಗೇಮಿನ ಕಥೆ ಅವಳದೂ ಹೌದು.

ಹದಿನೈದು ವರ್ಷದ ಕೆಳಗೆ ನನ್ನ ಗಂಡ ಮುಧೋಳದ ಸಂತೆಗೆ ಹೋದಾಗ ಸುನಂದಾಗೆ ಅಂತ ಅದನ್ನು ತಂದ. ಹುಡುಗಿಗೆ ಆಗ ಏಳು ವರ್ಷ, ಸಾಲಿಗೆ ಹೋಗುತ್ತಿದ್ದಳು. ಹಗಲು ಗೇಮು ನಮ್ಮ ಕೈಯಲ್ಲಿ. ಆ ದಿವಸಗಳಲ್ಲಿ ಹಗಲೆಲ್ಲ ಕರೆಂಟು ಹೋಗುತ್ತಿತ್ತು. ನಾಲ್ಕೂ ಮಗ್ಗ ಒಮ್ಮೆಲೆ ಬಂದಾದರೆ ನನಗೆ ಕಿವಿಯಲ್ಲಿ ಯಾರೋ ಅರಳೆ ತುರುಕಿದಂಗ ಆಗುತ್ತಿತ್ತು. ಎದ್ದು ನೀರು ಕುಡಿಯುತ್ತಿದ್ದೆ, ಬೇಡವಾದರೂ ಕುಡಿಯುತ್ತಿದ್ದೆ. ಹಂಗೆ ಒಂದು ದಿನ ಗೇಮು ಹಿಡಿದೆ.

ನೀವು ನೋಡಿರಬಹುದು. ಮೇಲಿನಿಂದ ಇಟ್ಟಿಗೆ ಬೀಳುತ್ತವೆ, ಕೆಳಗೆ ಸಾಲು ಕೂಡಿಸಬೇಕು. ನಾನು ಅಚ್ಚುಕಟ್ಟಾಗಿ ಮೊದಲನೇ ಸಾಲು ತುಂಬಿದೆ. ಟುಯ್ ಅಂತ ಸಾಲೇ ಮಾಯ! ನೇಯ್ದ ಬಟ್ಟೆ ಮಗ್ಗದ ಮೇಲಿಂದ ಹಾರಿಹೋದಂಗಾಯಿತು. ಎರಡನೆಯದೂ ಹಂಗೆ. ಗಂಡನಿಗೆ ಕೆಟ್ಟ ಮಾಲು ತಂದೀರಿ, ತಿರುಗಿ ಕೊಡ್ರಿ ಅಂದೆ. ಅವನು ಕೊಡಲಿಲ್ಲ. ಆಮೇಲೆ ನಾನೇ ಉಪಾಯ ಕಂಡುಹಿಡಿದೆ. ಪ್ರತಿ ಸಾಲಿನಲ್ಲೂ ಒಂದು ತೂತು ಬಿಟ್ಟರೆ ಸಾಲು ಹೋಗುವುದಿಲ್ಲ. ಹಂಗೆ ತೂತು ಬಿಟ್ಟುಬಿಟ್ಟು ಕೆಳಗಿನಿಂದ ಮೇಲಿನ ತನಕ ನೇಯ್ದೆ. ಕೊನೆಗೆ ಪರದೆ ತುಂಬ ಕರಿ ಬಣ್ಣ ಏರಿ ಒಂದು ರಾಗ ಬಂತು. ಸೀರೆ ಮುಗಿಯಿತು ಅಂತ ಖುಷಿಯಾಗಿ ಗಂಗವ್ವನಿಗೆ ತೋರಿಸಿದೆ. ಎಂಟು ದಿನದಿಂದ ದಿನಾ ಮೂರು ಸೀರೆ ಮುಗಿಸುತ್ತಿದ್ದೇನೆ ಅಂತಲೂ ಹೇಳಿದೆ.

ಅವಳು ನೋಡಿದಳು, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯ ಮೇಲೆ ಬಿದ್ದು ನಕ್ಕಳು.

"ಯಕ್ಕಾ, ನೀ ಎಂಟ ದಿನದಿಂದ ಸೋಲಾಕತ್ತೀಬೇ! ತುಂಬಿದ್ದು ಹೋಗೂದ ಆಟ."

"ತುಂಬಿದ್ದು ಹೋದರ ಅದೆಂಥಾ ಆಟ? ನಿಮ್ಮೂರು ಹೋದಂಗ?"

ಗಂಗವ್ವನ ತವರು ಬೀಳಗಿ ಕಡೆಯದು. ಡ್ಯಾಮಿನ ಹಿನ್ನೀರಿನಲ್ಲಿ ಊರು ಮುಳುಗಿತ್ತು. ಬೇರೆ ಯಾರಾದರೂ ಆಗಿದ್ದರೆ ನನ್ನ ಮಾತಿಗೆ ಎದ್ದುಹೋಗುತ್ತಿದ್ದರು. ಅವಳು ಗೇಮು ಕಸಿದುಕೊಂಡು, "ಹೂಂ, ಹಂಗ. ನಾವು ಮುಳುಗಿ ಕಲತೀವಿ, ನೀ ನೋಡಿ ಕಲಿ," ಅಂದಳು. ಹೆಂಗೆ ಆಡಿದಳು ಅಂದರೆ! ಇಟ್ಟಿಗೆ ಅರ್ಧ ದಾರಿಯಲ್ಲಿದ್ದಾಗಲೇ ಅದರ ಜಾಗ ಅವಳ ಕಣ್ಣಿಗೆ ಕಾಣುತ್ತಿತ್ತು. ನಾನು ಎರಡನೇ ಇಯತ್ತೆ ತನಕ ಸಾಲಿ ಕಲಿತವಳು, ಅಕ್ಷರ ಓಡುವುದಿಲ್ಲ, ನಂಬರು ಓದುತ್ತೇನೆ. ಅವಳ ನಂಬರು ಸಾವಿರ ದಾಟುತ್ತಿತ್ತು, ನನ್ನದು ನೂರರಲ್ಲಿ ಕೂತಿರುತ್ತಿತ್ತು.

ಮರುವರ್ಷ ಅವಳ ಕೈ ನಡುಗಲು ಶುರುವಾಯಿತು. ನನಗಿಂತ ಸಣ್ಣವಳು, ನಲವತ್ತೈದೂ ಆಗಿರಲಿಲ್ಲ. ಒಂದು ಹಾಸಿನ ಸೀರೆ ಎಲ್ಲಾ ಗೆರೆ ಬಿದ್ದು ಹೊರಬಂದವು. ನೋಡಿದರೆ ಅವಳ ಕಡೆ ಕೆಚ್ಚಿದ್ದು. ಸೀರೆ ಒಯ್ಯಲು ಬಂದ ವ್ಯಾಪಾರಿ ಇದ್ದ, ನನ್ನ ಗಂಡ ಇದ್ದ, ಅವಳ ಗಂಡ ಇದ್ದ, ಕಂಡಿಕೆ ಸುತ್ತುವ ಹೆಂಗಸರೂ ಇದ್ದರು. ಅಷ್ಟೂ ಮಂದಿಯ ನಡುವೆ ನಾನು ಅಂದೆ:

"ಗಂಗಿ, ನಿನ್ನ ಕೈ ಹೋಗ್ಯಾವ. ನಾಳಿಂದ ಹಾಸಿನ ಮುಂದ ಬಂದು ಕುಂಡರಬ್ಯಾಡ."

ಅವಳು ಕೈ ತೊಳೆದುಕೊಂಡು ಹೋದಳು. ಮರುದಿನ ಬರಲಿಲ್ಲ, ಮಾತೂ ಬಿಟ್ಟಳು. ಗೋಡೆಗೆ ಗೋಡೆ ಹತ್ತಿದ ಮನೆ, ಅವಳ ಒಲೆಯ ಮೇಲೆ ರೊಟ್ಟಿ ಬಡಿಯುವ ಸಪ್ಪಳ ನನ್ನ ಅಡುಗೆಮನೆಗೆ ಕೇಳುತ್ತಿತ್ತು, ಮಾತಿಲ್ಲ. ಅವಳ ಜಾಗದಲ್ಲಿ ನನ್ನ ಸೊಸೆ, ಸುನಂದಾನ ಅವ್ವ ಕಸ್ತೂರಿ ಬಂದು ಕೂತಳು. ಕೆಲಸ ನಡೆಯಿತು. ನನಗೆ ಮಾತ್ರ ಕೂತಲ್ಲಿ ಮುಳ್ಳು ಹತ್ತಿತ್ತು. ದಿನಕ್ಕೆ ಹತ್ತು ಸಲ ಬಾಗಿಲಿಗೆ ಬಂದು ಅವಳ ಬಾಗಿಲು ನೋಡಿ ಒಳಗೆ ಹೋಗುತ್ತಿದ್ದೆ. ಹೇಳಿದ್ದು ಸುಳ್ಳಲ್ಲ, ಮತ್ತೆ ತಪ್ಪು ಯಾಕೆ ಒಪ್ಪಲಿ? ಹಿಂಗೆ ನನ್ನ ಜೋಡಿ ನಾನೇ ಜಗಳಾಡಿದೆ.

ತಿಂಗಳ ಮೇಲೆ ಒಂದು ಸಂಜೆ ಸುನಂದಾ ಗಂಗವ್ವನ ಮನೆಯಿಂದ ಗೇಮು ಹಿಡಿದು ಓಡಿ ಬಂದಳು. ಬಂದ್ ಮಾಡಿದರೆ ನಂಬರು ಹೋಗುತ್ತದೆ ಅಂತ ಗುಂಡಿಗೆ ಬೆರಳು ತಾಗಿಸದೆ, ತುಂಬಿದ ಹಾಲಿನ ಬಟ್ಟಲು ತಂದಂಗ ತಂದಳು. "ಸಣ್ಣಾಯಿ ತೋರಸಂದಳು," ಅಂದಳು. ನಾಲ್ಕು ಸಾವಿರ ಚಿಲ್ಲರೆ. ನಾನು ನೋಡಿ ಗೇಮು ತಿರುಗಿ ಕೊಟ್ಟೆ. ಮರುದಿನ ಆರು ಸಾವಿರ. ಆಮೇಲೆ ಒಂಬತ್ತು. ದಿನಾ ಸಂಜೆ ನಂಬರು ಏರುತ್ತ ಬಂತು. ಅವಳ ಮಾತು ನನಗೆ ತಿಳಿಯಿತು: ಕೈ ಹೋಗ್ಯಾವ ಅಂದಿ, ನೋಡು. ಹನ್ನೆರಡು ಸಾವಿರ ಬಂದ ದಿನ ನನ್ನ ಜಗಳದಲ್ಲಿ ನಾನೇ ಸೋತೆ. ನಡುಗುವ ಕೈ ಇಷ್ಟು ಆಡುವುದಿಲ್ಲ. ನಾನು ತಪ್ಪಿದೆ, ಹೋಗಿ ಕರೆದುಕೊಂಡು ಬರುತ್ತೇನೆ ಅಂತ ಮರುದಿನ ಸಾಲಿ ಬಿಡುವ ಹೊತ್ತಿಗೆ ಅವಳ ಮನೆಗೆ ಹೋದೆ.

ಬಾಗಿಲಲ್ಲೇ ನಿಂತೆ. ಗಂಗವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳ ತೊಡೆಯ ಮೇಲೆ ಸುನಂದಾ. ಗೇಮು ಹುಡುಗಿಯ ಕೈಯಲ್ಲಿ.

"ಎಡಕ. ಇನ್ನೊಂದ ಎಡಕ. ತಿರುವು. ಬಿಡು. ಗಡಬಡಸಬ್ಯಾಡ, ಅದು ಬರತೇತಿ, ಬಲಕ..."

ಅವಳ ಎರಡೂ ಕೈ ಹುಡುಗಿಯ ಪಕ್ಕಕ್ಕೆ ನೆಲದ ಮೇಲಿದ್ದವು. ಗಾಳಿಗೆ ಎಲೆ ಅಲ್ಲಾಡಿದಂಗ ಅಲ್ಲಾಡುತ್ತಿದ್ದವು.

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಹಂಗಾರ ನಾ ಹೇಳಿದ್ದು ಖರೆ ಆತಲ್ಲ," ಅಂದುಬಿಟ್ಟೆ.

ಗಂಗವ್ವ ತಲೆ ಎತ್ತಿದಳು. "ಖರೇನ ಇತ್ತು. ನಾ ಯಾವಾಗ ಸುಳ್ಳಂದೆ? ಮಂದಿ ಮುಂದ ಅಂದಿ ನೋಡು, ಅದಕ್ಕ ಸಿಟ್ಟು. ನನ್ನ ಒಬ್ಬಾಕಿನ್ನ ಕರದು ಹೇಳಿದ್ರ ನಾನ ಎದ್ದು ಹೋಗತಿದ್ದಿಲ್ಲೇನ?"

ನಾನು ಹೊಸ್ತಿಲ ಮೇಲೆ ಕೂತೆ. ತಪ್ಪಾಯಿತು ಅನ್ನುವ ಮಾತು ನನಗೆ ಬರುವುದಿಲ್ಲ, ಈಗಲೂ ಬರುವುದಿಲ್ಲ. "ನಾಳಿ ಬಾ," ಅಂದೆ. "ಹಾಸಿನ ಮುಂದ ಕುಂಡರು. ಕೈ ಹಚ್ಚಬ್ಯಾಡ, ಕಣ್ಣ ಹಚ್ಚು. ಎಲ್ಲೆರ ಎಳಿ ತಪ್ಪಿದರ ಹೇಳು."

"ಬೈತೀನಿ ಮತ್ತ."

"ಬೈ."

ಬಂದಳು, ಬೈದಳು. ಇಷ್ಟು ವರ್ಷವೂ ಬೈಯುತ್ತಲೇ ಬಂದಿದ್ದಾಳೆ. ನಾನು ಈ ಕಡೆ, ಕಸ್ತೂರಿ ಆ ಕಡೆ, ನಡುವೆ ಗಂಗವ್ವನ ಕಣ್ಣು. ಅವಳು ಬಂದ ಮೇಲೆ ನಮ್ಮ ಸೀರೆಗೆ ಗೆರೆ ಬಿದ್ದಿಲ್ಲ.

ಮೊನ್ನೆ ಹಳದಿ ಗೇಮಿನ ಸೆಲ್ಲಿನ ಮನೆಯನ್ನು ಸುನಂದಾ ಉಸುಕಿನ ಕಾಗದದಿಂದ ತಿಕ್ಕಿ ಹೊಸ ಸೆಲ್ಲು ಹಾಕಿದಳು. ರಾಗ ಬಂತು. ಮಗ್ಗದ ಸಪ್ಪಳದಲ್ಲೂ ಆ ರಾಗ ಕೇಳಿ ಗಂಗವ್ವ, ಕಸ್ತೂರಿ, ಕಂಡಿಕೆಯ ಹೆಂಗಸರು ಎಲ್ಲ ಕಟ್ಟೆಗೆ ಬಂದರು. "ಇದನ್ನರ ನೀನ ಆಡು ಆಯಿ," ಅಂತ ಹುಡುಗಿ ನನ್ನ ಕೈಗೆ ಇಟ್ಟಳು, ಫೋನು ಹತ್ತಿರ ಹಿಡಿದಳು. ಇಟ್ಟಿಗೆ ಬಿತ್ತು. ಎಡಕ್ಕೆ ಒಂದು ಸಲ ಒತ್ತಲು ಹೋದರೆ ಬೆರಳು ಮೂರು ಸಲ ಒತ್ತಿತು. ಇನ್ನೊಂದು ಬಿತ್ತು, ಅದೂ ಹಂಗೆ. ಗೇಮು ನನ್ನ ಬಳೆಗೆ ಬಡಿದು ಕಟಕಟ ಅಂದಿತು.

ಸುನಂದಾ ಫೋನು ಕೆಳಗಿಳಿಸಿದಳು.

ಅವತ್ತು ಗಂಗವ್ವನಿಗೆ ಮಂದಿಯ ಮುಂದೆ ಅಂದವಳು ಇವತ್ತು ಒಳಗೆ ಹೋಗಿ ಹೇಳಿದರೆ ನ್ಯಾಯ ಅಲ್ಲ. ಸೆರಗು ಸರಿಸಿ ಕೈ ಮುಂದೆ ಚಾಚಿದೆ. "ಎಲ್ಲಾರೂ ನೋಡ್ರಿ. ನನ್ನ ಕೈನೂ ಹೋಗ್ಯಾವ. ಎರಡ ತಿಂಗಳಾತು. ಆದರ ಸೀರ್ಯಾಗ ಒಂದ ಗೆರಿ ಬಿದ್ದಿಲ್ಲ, ಅದನ್ನೂ ನೋಡ್ರಿ."

ಕಸ್ತೂರಿ ನೆಲ ನೋಡಿದಳು. ಗಂಗವ್ವ ನನ್ನ ಪಕ್ಕ ಬಂದು ಕೂತು, ಬೇರೆಯವರಿಗೆ ಕೇಳದಂಗ ನನ್ನ ಕಿವಿಯಲ್ಲಿ ಹೇಳಿದಳು:

"ಹೆಂಗ ಬೀಳತೇತಿ ಯಕ್ಕಾ? ನೀ ಚಾ ಕುಡ್ಯಾಕ ಎದ್ದು ಹೋದ ಮ್ಯಾಲ ನಿನ್ನ ಕಡೀದು ಬಿಚ್ಚಿ ಕಸ್ತೂರಿ ಕೈಲಿ ಮತ್ತ ಕೆಚ್ಚಸ್ತೀನಿ. ಎರಡ ತಿಂಗಳಾತು."

"ಮತ್ತ ಹೇಳಲಿಲ್ಲ ಯಾಕ?"

"ನೀ ಒಬ್ಬಾಕಿನ ಸಿಗಬೇಕಲ್ಲ? ಒಂದ ಕಡೆ ಕುಂತರ ಹೇಳೂದು."

ಗೇಮನ್ನು ಸುನಂದಾಗೆ ಕೊಟ್ಟೆ. ಇಪ್ಪತ್ತೆರಡು ವರ್ಷದ ಹುಡುಗಿ ನಮ್ಮಿಬ್ಬರ ನಡುವೆ ಇಕ್ಕಟ್ಟಿನಲ್ಲಿ ಕೂತಳು. ಇಟ್ಟಿಗೆ ಬೀಳಲು ಶುರುವಾಯಿತು. ಗಂಗವ್ವ ಎಡಕ ಅಂದಳು, ನಾನು ಬಲಕ ಅಂದೆ.

"ಇಬ್ರೂ ಒಮ್ಮೆಲೆ ಒದರಬ್ಯಾಡ್ರಿ!" ಅಂದಳು ಹುಡುಗಿ.

ನಾನು ಬಾಯಿ ಮುಚ್ಚಿ ಕೂತೆ. ಬಹಳ ಹೊತ್ತು ಕೂತೆ. ಸಾಲು ತುಂಬುತ್ತಿದ್ದವು, ಹೋಗುತ್ತಿದ್ದವು.