ತಳದ ಎಲೆ ಮತ್ತು ಆಂಡ್ರಾಯ್ಡ್

ನಿಪ್ಪಾಣಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಒಂದು ದಿನ ತಂಬಾಕು ವ್ಯಾಪಾರಿ ಅಣ್ಣಾಸಾಹೇಬರು ಬಂದು ತಮ್ಮ ಅಗ್ಗದ ಫೋನನ್ನು ಟೇಬಲ್ಲಿನ ಮೇಲೆ ಕುಕ್ಕಿದರು.

"ಈ ಆಂಡ್ರಾಯ್ಡ ಏನೂ ಉಪಯೋಗಿಲ್ಲಪಾ. ಫೋನ್ ಬಂದ್ರ ಎತ್ತಾಕ ಬರೂದಿಲ್ಲ, ಹ್ಯಾಂಗ್ ಆಗಿ ನಿಂತಬಿಡ್ತೈತಿ. ನನ್ನ ಹಳೇ ಬಟನ್ ಫೋನ ಚಲೋ ಇತ್ತ."

ದಿನಾ ಹತ್ತು ಜನ ಇದನ್ನೇ ಹೇಳಿದರೆ ಯಾರಿಗೆ ತಲೆ ಕೆಡುವುದಿಲ್ಲ? ನನ್ನ ಸ್ವಂತ ಫೋನನ್ನು ಅವರ ಕೈಗಿಟ್ಟೆ. ಒತ್ತಿದ್ದೆಲ್ಲ ಸರಸರ ತೆರೆದದ್ದು ಕಂಡು ಅವರ ಮುಖ ಅರಳಿತು.

"ಫೋನ್ ಅಂದ್ರ ಹಿಂಗಿರಬೇಕ ನೋಡ. ಇದರಾಗ ಆಂಡ್ರಾಯ್ಡ ಇಲ್ಲಲ್ಲ?"

"ಇದರಾಗೂ ಅದ ಐತ್ರಿ," ಎಂದು ಸೆಟ್ಟಿಂಗ್ಸ್ ತೆರೆದು ಹೆಸರು ತೋರಿಸಿದೆ. "ಗಿಡದ ತಳದಾಗಿನ ಮಣ್ಣ ಹತ್ತಿದ ಎಲಿ ನೋಡಿ ಇಡೀ ಹೊಲದ ತಂಬಾಕ ಕೆಟ್ಟೈತಿ ಅಂತೀರೇನ್ರಿ ಕಾಕಾ?"

ಎಲೆ ಮೂಸಿಯೇ ದರ ಕಟ್ಟುವ ಮನುಷ್ಯ ಜೋರಾಗಿ ನಕ್ಕರು. "ಸೋತೆಪಾ. ಇಂಥಾದ ಒಂದ ಕೊಡಸು."

ಸಂಜೆಯವರೆಗೆ ಕಂಡಕಂಡವರಿಗೆಲ್ಲ ಈ ಗೆಲುವಿನ ಕತೆ ಹೇಳಿದೆ.

ಮುಂದಿನ ವಾರ ಅವರ ಅಳಿಯ ಬಂದ. ಮಾವ ಕೊಟ್ಟಿದ್ದ ಅದೇ ಅಗ್ಗದ ಫೋನನ್ನು ಕುಕ್ಕಿ, "ಈ ಆಂಡ್ರಾಯ್ಡ ಸರಿ ಇಲ್ರಿ," ಅಂದ.

ಅವನದು ಅಥಣಿ ಕಡೆ ದ್ರಾಕ್ಷಿ ತೋಟ. ನಾನು ಗೊಂಚಲಿನ ತುದಿಯ ಹುಳಿ ಹಣ್ಣಿನಿಂದ ಶುರು ಮಾಡಿದೆ.