ಸ್ಟೂಲು ಎಳೆಯುವ ಸದ್ದು

ಪಾರ್ಶ್ವವಾಯು ಬಡಿದ ಮೇಲೆ ನನ್ನ ಮಾತು ನಿಧಾನ. ಎರಡು ಶಬ್ದಗಳ ನಡುವೆ ಕೇಳುವವರು ಎದ್ದು ಹೋಗುವಷ್ಟು ಹೊತ್ತಾಗುತ್ತದೆ. ಗಲ್ಫಿನ ಜಾಬ್ರಿಯಾ ಬಡಾವಣೆಯ ಆ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಮಾತ್ರ ಎದ್ದು ಬರುತ್ತಿದ್ದಳು.

ಅಲ್ಲಿಯ ಕೌಂಟರ್ ಎತ್ತರ. ಗಾಲಿಕುರ್ಚಿಯಿಂದ ನನಗೆ ಕಾಣುತ್ತಿದ್ದದ್ದು ಅವಳ ಬೈತಲೆಯಷ್ಟೇ. ನನ್ನನ್ನು ಕಂಡೊಡನೆ ಕಬ್ಬಿಣದ ಸ್ಟೂಲನ್ನು ಕರಕರ ಎಳೆದುಕೊಂಡು ಹೊರಗೆ ಬಂದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರುತ್ತಿದ್ದಳು. ಗಂಡ ಬಾಯಿ ತೆರೆದರೆ, "ನೀವು ಸ್ವಲ್ಪ ನಿಲ್ಲಿ ಮಾರಾಯ್ರೆ. ಅವರೇ ಹೇಳ್ಲಿ" ಎನ್ನುತ್ತಿದ್ದಳು.

ಒಮ್ಮೆ, ನನ್ನ ಫಿಸಿಯೋಥೆರಪಿ ಮುಂದುವರಿಸಬೇಕೇ ಎಂದು ವಿಚಾರಿಸಲು ವಿಮೆಯವನು ಫೋನ್ ಮಾಡಿದ. ಅವಳು ಸ್ಪೀಕರ್ ಹಾಕಿ ಫೋನನ್ನು ನನ್ನ ಮಡಿಲಲ್ಲಿಟ್ಟಳು. ನಾನು ಹಿಂದಿಯಲ್ಲಿ "ಹಾತ್", ಕೈ, ಎಂದೆ. ಮುಂದಿನ ಶಬ್ದ ಬರಲಿಲ್ಲ. ಆತ ಹಿಂದಿಯಲ್ಲೇ, ಫೋನ್ ಗಂಡನಿಗೆ ಕೊಡಿ ಎಂದ. ಅವಳು ಬಗ್ಗಿ, ಅವನದೇ ಹಿಂದಿಯಲ್ಲಿ, "ತಾಳಿ ಭಾಯಿ, ಅವರು ಮಾತಾಡ್ತಾ ಇದ್ದಾರೆ" ಎಂದಳು. ಕೈ ಮೇಲೆತ್ತಿ ಮಗಳಿಗೆ ಜಡೆ ಹಾಕಬೇಕು ಎಂದು ಕೊನೆಗೂ ಪೂರ್ತಿ ಹೇಳಿದೆ. ಒಪ್ಪಿಗೆ ಸಿಕ್ಕಿತು.

ಆಮೇಲೆ ಗಂಡನ ಕಂಪನಿ ವಿಮೆ ಬದಲಿಸಿತು. ಹೊಸ ಕಾರ್ಡು ಆ ಕ್ಲಿನಿಕ್ಕಿನಲ್ಲಿ ನಡೆಯುವುದಿಲ್ಲ. ಈಗ ಹೋಗುವಲ್ಲಿ ಗಾಲಿಕುರ್ಚಿಗೆಂದೇ ಇಳಿಜಾರಿನ ದಾರಿಯಿದೆ, ಕೌಂಟರೂ ತಗ್ಗಾಗಿದೆ. ಅಲ್ಲಿಯ ಹುಡುಗಿ ಗಂಡನನ್ನೇ ನೋಡಿ, "ಇವರಿಗೆ ಏನಾಗ್ತಿದೆ?" ಎಂದು ಕೇಳುತ್ತಾಳೆ. ಗಂಡ ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ. ನಾನು ಮೊದಲ ಶಬ್ದವನ್ನು ಬಾಯಲ್ಲೇ ಹಿಡಿದುಕೊಂಡು, ಎಲ್ಲಾದರೂ ಸ್ಟೂಲು ಎಳೆಯುವ ಸದ್ದು ಕೇಳೀತೇ ಎಂದು ಕಾಯುತ್ತೇನೆ.